ಸಿದ್ಧಹಸ್ತರ ವಾದ್ಯಾಂತರಾಭ್ಯಾಸ

ವಾದ್ಯಗಳು ತತ, ಅವನದ್ಧ, ಘನ, ಸುಷಿರ ಎಂದು ಚತುರ್ವಿಧವೆಂಬುದು ಭರತಮುನಿಯ ಕಾಲದಿಂದ ನಡೆದುಬಂದ ವಿಭಾಗ. ತಂತಿ, ಚರ್ಮ, ಕಂಚು, ರಂಧ್ರ ಇವುಗಳನ್ನು ನೋಡಿ ಈ ವಿಭಾಗವನ್ನು ಮಾಡಿರುವುದರಿಂದ ವಾದ್ಯದ ಶರೀರವು ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ; ಬಾಜಿಸುವವನ ಶರೀರಕ್ಕೆ ಏನಾಗುತ್ತದೆಂಬುದು ತಿಳಿಯುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಒಂದು ವಾದ್ಯದಲ್ಲಿ ಪಳಗಿದ ವಿದ್ವಾಂಸನು ಅದೇ ಜಾತಿಯ ಇನ್ನೊಂದು ವಾದ್ಯವನ್ನೋ, ಅದೇ ವಾದ್ಯದ ಇನ್ನೊಂದು ಸಂಪ್ರದಾಯವನ್ನೋ ಕೈಕೊಂಡರೆ ಅವನ ಹಳೆಯ ವಿದ್ಯೆ ಎಷ್ಟು ದೂರ ಜೊತೆಗೆ ಬರುತ್ತದೆ, ಎಲ್ಲಿ ಅವನ ಕೈಬಿಡುತ್ತದೆ, ಎಲ್ಲಿ ಅವನಿಗೇ ಅಡ್ಡವಾಗಿ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಲಕ್ಷಣಗ್ರಂಥಗಳು ನೇರವಾಗಿ ಎತ್ತಿಕೊಂಡಿಲ್ಲ. ಆದರೆ ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ನಾಡಿನ ಸಂಗೀತಚರಿತ್ರೆಯಲ್ಲಿ ಹೇರಳವಾಗಿದೆ. ಅದನ್ನು ಒಂದೆಡೆ ಕೂಡಿಸಿ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆಯು ಇಂದು ಲೋಕದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಗಿಟಾರ್ ವಾದಕರಲ್ಲಿ. ಗಿಟಾರ್ ಎಂಬ ಹೆಸರು ಗ್ರೀಕರ ಕಿಥಾರಾ ಎಂಬುದರಿಂದ ಅರಬ್ಬೀ ಭಾಷೆಯ ಮೂಲಕ ಸ್ಪೇನ್ ದೇಶಕ್ಕೆ ಬಂದುದು. ಆ ದೇಶದಲ್ಲಿಯೇ ಈ ಒಂದು ವಾದ್ಯಕ್ಕೆ ಎರಡು ಸಂಪ್ರದಾಯಗಳು ಬೆಳೆದುವು. ಒಂದು, ಸಭೆಯಲ್ಲಿ ಲಿಖಿತಸಂಗೀತವನ್ನು ಏಕಾಂಗಿಯಾಗಿ ನುಡಿಸುವ ಶಾಸ್ತ್ರೀಯ ಪದ್ಧತಿ. ಆಂದ್ರೇಸ್ ಸೆಗೋವಿಯಾ (೧೮೯೩–೧೯೮೭) ಇದರ ಮುಖ್ಯ ಆಚಾರ್ಯ. ಇನ್ನೊಂದು, ಆಂದಲೂಸಿಯಾ ಪ್ರಾಂತದಲ್ಲಿ ಗಾಯನಕ್ಕೂ ನೃತ್ಯಕ್ಕೂ ಪಕ್ಕವಾದ್ಯವಾಗಿ ಬೆಳೆದ ಫ್ಲಮೆಂಕೊ ಪದ್ಧತಿ. ರಮೋನ್ ಮೊಂತೋಯಾ (೧೮೭೯–೧೯೪೯) ಎಂಬವನು ೧೯೩೬ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಏಕಾಂಗಿವಾದನವನ್ನು ಧ್ವನಿಮುದ್ರಿಸಿದನು. ಆ ಕಾಲದಿಂದೀಚೆಗೆ ಅದೂ ಸಭಾವಾದ್ಯವಾಯಿತು. ಆರು ತಂತಿ, ಅದೇ ಶ್ರುತಿ, ಅದೇ ಮೆಟ್ಟಿಲು. ನೋಡಿದವರು ಎರಡೂ ಒಂದೇ ವಾದ್ಯವೆನ್ನುವರು.

ಆದರೆ ಶಾಸ್ತ್ರೀಯ ಪದ್ಧತಿಯಲ್ಲಿ ನುರಿತವನು ಫ್ಲಮೆಂಕೊವನ್ನು ಹಿಡಿದಾಗ ಮೊದಲ ದಿನವೇ ಭೇದವು ಮೈಗೆ ತಟ್ಟುತ್ತದೆ. ಶಾಸ್ತ್ರೀಯ ವಾದಕನು ಎಡಗಾಲನ್ನು ಎತ್ತರಿಸಿಕೊಂಡು ಎಡತೊಡೆಯ ಮೇಲೆ ವಾದ್ಯವನ್ನಿಡುವನು. ಹಳೆಯ ಫ್ಲಮೆಂಕೊ ವಾದಕನು ಬಲತೊಡೆಯ ಮೇಲಿಡುವನು. ಫ್ಲಮೆಂಕೊ ವಾದ್ಯದ ಒಡಲು ಸೈಪ್ರೆಸ್ ಮರದ ತೆಳುಹಲಗೆಯದು. ನಾದವು ತಟ್ಟನೆ ಹುಟ್ಟಿ ತಟ್ಟನೆ ಅಡಗುವುದು. ತಂತಿಗಳು ಮೆಟ್ಟಿಲುಗಳಿಗೆ ತೀರ ಸಮೀಪವಾಗಿರುವುದರಿಂದ ಒಂದಷ್ಟು ಕರಕರ ಧ್ವನಿ ಇದ್ದೇ ಇರುತ್ತದೆ, ಅಲ್ಲಿ ಅದು ಗುಣವೇ. ಮುಖದ ಹಲಗೆಯನ್ನು ಬೆರಳಿನಿಂದ ಕುಟ್ಟುವ ಗೋಲ್ಪೆ ಎಂಬ ಕ್ರಿಯೆಯುಂಟು. ಅದಕ್ಕಾಗಿ ಹಲಗೆಯ ಮೇಲೆ ರಕ್ಷಣೆಗೆ ಒಂದು ತೆಳುಪಟ್ಟಿಯನ್ನು ಅಂಟಿಸಿರುತ್ತಾರೆ. ಹೆಬ್ಬೆರಳೊಂದರಿಂದಲೇ ಮೇಲಕ್ಕೂ ಕೆಳಕ್ಕೂ ಮೀಟುವುದುಂಟು. ಎಲ್ಲಕ್ಕಿಂತ ಪ್ರಸಿದ್ಧವಾದುದು ರಾಸ್ಗೆಯಾದೊ: ಬಲಗೈ ಬೆರಳುಗಳನ್ನು ಒಂದರ ಹಿಂದೊಂದಾಗಿ ಬಿಡಿಸುತ್ತ ಉಗುರಿನ ಬೆನ್ನಿನಿಂದ ತಂತಿಗಳ ಮೇಲೆ ಧಾರೆಯಂತೆ ಹೊಡೆಯುವುದು. ಶಾಸ್ತ್ರೀಯ ವಾದಕನ ಬೆರಳುಗಳು ಬಹುಮಟ್ಟಿಗೆ ಒಳಕ್ಕೆ ಮಡಿಚುವ ಚಲನೆಗೆ ಪಳಗಿರುತ್ತವೆ. ಹೊರಕ್ಕೆ ಚಿಮ್ಮುವ ಚಲನೆಗೆ ಬೇರೆ ಸ್ನಾಯುಗಳೇ ಬೇಕು. ಎಡಗೈ ಪಂಡಿತನಾಗಿಯೇ ಉಳಿದು ಬಲಗೈ ಮಾತ್ರ ಅಕ್ಷರಾಭ್ಯಾಸಕ್ಕೆ ಕೂರಬೇಕಾದ ವಿಚಿತ್ರಾವಸ್ಥೆ ಅವನದು.

ತಾಳದ ತೊಡಕು ಇದಕ್ಕಿಂತಲೂ ದೊಡ್ಡದು. ಸೊಲೆಯಾ ಎಂಬ ಪ್ರಕಾರದಲ್ಲಿ ಆವರ್ತಕ್ಕೆ ೧೨ ಎಣಿಕೆ. ೩, ೬, ೮, ೧೦, ೧೨ನೆಯ ಎಣಿಕೆಗಳಲ್ಲಿ ಒತ್ತು. ೧೨ರಿಂದ ಎಣಿಸಿದರೆ ೩, ೩, ೨, ೨, ೨ ಎಂಬ ವಿಭಾಗವಾಗುವುದು. ನಮ್ಮವರಿಗೆ ಇದು ಅಪರಿಚಿತವೆನಿಸದು. ಚತುರಶ್ರಜಾತಿ ಅಟತಾಳದಲ್ಲಿಯೂ ೪, ೪, ೨, ೨ ಎಂದು ೧೨ ಅಕ್ಷರಗಳಿವೆ. ಎರಡು ದೀರ್ಘಾಂಗಗಳ ಮೇಲೆ ಹ್ರಸ್ವಾಂಗಗಳು ಬರುವ ನಡೆ ಎರಡರಲ್ಲಿಯೂ ಸಮಾನ. ಆದರೆ ನಾವು ಸಮದಲ್ಲಿ ಬಂದು ನಿಲ್ಲುತ್ತೇವೆ. ಅವರ ವಾಕ್ಯವು ಸಾಮಾನ್ಯವಾಗಿ ೧೦ನೆಯ ಎಣಿಕೆಯಲ್ಲಿ ಮುಗಿದು, ಉಳಿದೆರಡು ಎಣಿಕೆ ಉಸಿರಿಗೆ ಸಲ್ಲುತ್ತವೆ. ಸ್ವರವಿಷಯದಲ್ಲಿಯೂ ಹೀಗೆಯೇ. ಅವರ ಮುಖ್ಯ ಸ್ವರಪಂಕ್ತಿಯನ್ನು ಮೇಳಕರ್ತಪದ್ಧತಿಯಲ್ಲಿಟ್ಟು ನೋಡಿದರೆ ೮ನೆಯದಾದ ಹನುಮತೋಡಿಗೂ, ಗಾಂಧಾರವು ಅಂತರವಾದಾಗ ೧೪ನೆಯದಾದ ವಕುಳಾಭರಣಕ್ಕೂ ಸರಿಹೋಗುತ್ತದೆ. ಒಂದೇ ಗೀತದಲ್ಲಿ ಎರಡು ಗಾಂಧಾರಗಳೂ ಬರುವುದುಂಟು. ಇಷ್ಟನ್ನು ಕೇಳಿ ಅದು ನಮ್ಮ ತೋಡಿಯೇ ಎನ್ನುವುದು ಸರಿಯಲ್ಲ. ಗಮಕವನ್ನು ಕಳೆದರೆ ತೋಡಿಯಲ್ಲಿ ಉಳಿಯುವುದು ಏಳು ಸ್ವರಸ್ಥಾನಗಳು ಮಾತ್ರ.

ಇಲ್ಲಿ ಒಂದು ಪ್ರಾಸಂಗಿಕ ವಿಚಾರ. ಫ್ಲಮೆಂಕೊ ಸಂಗೀತವನ್ನು ಬೆಳೆಸಿದವರಲ್ಲಿ ಮುಖ್ಯರಾದ ಹಿತಾನೋ ಜನರು ಯೂರೋಪಿನ ರೋಮಾ ಜನಾಂಗದ ಒಂದು ಶಾಖೆ. ಅವರು ಸ್ಪೇನಿನಲ್ಲಿ ಕಾಣಿಸಿಕೊಂಡುದಕ್ಕೆ ೧೪೨೫ರ ರಾಜಪತ್ರ ಸಾಕ್ಷಿಯಾಗಿದೆ. ರೋಮಾ ಜನರ ಭಾಷೆ ಭಾರತೀಯ ಆರ್ಯಭಾಷೆಗಳಲ್ಲಿ ಒಂದೆಂಬುದು ಸಿದ್ಧವಾದ ವಿಷಯ. ದುಯ್, ತ್ರಿನ್ ಎಂಬ ಸಂಖ್ಯೆಗಳನ್ನೂ, ನಾಕ್, ಕಾನ್, ಯಾಖ್, ಪಾನಿ ಎಂಬ ಶಬ್ದಗಳನ್ನೂ ನೋಡಿದರೆ ನಾಸಿಕ, ಕರ್ಣ, ಅಕ್ಷಿ, ಪಾನೀಯಗಳು ಯಾವ ಸಂಸ್ಕೃತಜ್ಞನಿಗೂ ಕೂಡಲೇ ಹೊಳೆಯುತ್ತವೆ. ಆದರೆ ಶಬ್ದಗಳು ಭಾರತದಿಂದ ಹೋದುವೆಂದು ರಾಗತಾಳಗಳೂ ಹೋದುವೆಂದು ಊಹಿಸುವುದು ಸಾಹಸ. ಫ್ಲಮೆಂಕೊ ಈಗಿನ ರೂಪವನ್ನು ತಳೆದುದು ೧೮–೧೯ನೆಯ ಶತಮಾನಗಳಲ್ಲಿ, ಆಂದಲೂಸಿಯಾದ ನೆಲದಲ್ಲಿ. ನಮ್ಮ ಕೆಲವರು ಎಲ್ಲವನ್ನೂ ಭಾರತಮೂಲಕ್ಕೆ ಎಳೆಯುವ ಉತ್ಸಾಹದಲ್ಲಿ ನಡುವಣ ಸಾವಿರ ಹರದಾರಿಯನ್ನು ಮರೆತುಬಿಡುತ್ತಾರೆ.

ವಂಶಸಂಬಂಧವನ್ನು ಬದಿಗಿಟ್ಟರೂ ಕ್ರಿಯಾಸಾಮ್ಯವೊಂದು ಗಮನಾರ್ಹವಾಗಿದೆ. ದೇವಗಿರಿಯ ಸೇವುಣ ದೊರೆ ಸಿಂಘಣನ (ಸುಮಾರು ೧೨೧೦–೧೨೪೭) ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ಆರನೆಯದಾದ ವಾದ್ಯಾಧ್ಯಾಯದಲ್ಲಿ ವೀಣಾವಾದನದ ಹಸ್ತವ್ಯಾಪಾರಗಳನ್ನು ಎಣಿಸಿದ್ದಾನೆ. ಬಲಗೈಗೆ ಒಂಬತ್ತು: ಘಾತ, ಪಾತ, ಸಂಲೇಖ, ಉಲ್ಲೇಖ, ಅವಲೇಖ, ಭ್ರಮರ, ಸಂಧಿತ, ಛಿನ್ನ, ನಖಕರ್ತರೀ. ಎಡಗೈಗೆ ಸ್ಫುರಿತ, ಖಸಿತ ಎಂದು ಎರಡೇ. ಎರಡು ಕೈಗಳೂ ಕೂಡಿ ಮಾಡತಕ್ಕವು ಹದಿಮೂರು. ಇವುಗಳಲ್ಲಿ ನಾಲ್ಕು ಬೆರಳುಗಳು ಕ್ರಮವಾಗಿ ಶೀಘ್ರದಲ್ಲಿ ತಂತಿಯನ್ನು ಹೊಡೆಯುವುದು ಭ್ರಮರ. ಉಗುರುಗಳಿಂದಲೇ ಕ್ರಮವಾಗಿ ಹೊಡೆಯುವುದು ನಖಕರ್ತರೀ. ರಾಸ್ಗೆಯಾದೊವನ್ನು ವಿವರಿಸಲು ಸಂಸ್ಕೃತದಲ್ಲಿ ಹೊಸ ಪರಿಭಾಷೆ ಬೇಕಿಲ್ಲವೆಂದಾಯಿತು. ಎಡಗೈಗೆ ಎರಡು, ಬಲಗೈಗೆ ಒಂಬತ್ತು ಎಂಬ ಈ ಗಣನೆಯನ್ನು ವಿದ್ವಾಂಸರು ಇದುವರೆಗೆ ಬರಿಯ ಪಟ್ಟಿಯಾಗಿ ಓದಿದ್ದಾರೆ. ನಾನು ಇದನ್ನು ಪ್ರಮಾಣವಾಗಿ ಓದುತ್ತೇನೆ: ಆ ಕಾಲದ ವೈಣಿಕನ ಸಂಪ್ರದಾಯವನ್ನು ಗುರುತಿಸುತ್ತಿದ್ದುದು ಮುಖ್ಯವಾಗಿ ಬಲಗೈಯಿಂದ. ಇಂದಿನ ನಮ್ಮ ವೀಣೆಯಲ್ಲಿ ಗಮಕದ ಭಾರವೆಲ್ಲ ಎಡಗೈಗೆ ಸರಿದಿರುವುದರಿಂದ ಭ್ರಮರ, ನಖಕರ್ತರಿಗಳು ಬಳಕೆ ತಪ್ಪಿ ಗ್ರಂಥದಲ್ಲಿ ಮಾತ್ರ ಉಳಿದುವು.

ಹಳೆಯ ಸಂಸ್ಕಾರವು ಹೊಸ ವಿದ್ಯೆಗೆ ಒತ್ತಾಸೆಯೂ ಹೌದು, ತಡೆಯೂ ಹೌದು. ಸಂಸ್ಕೃತಪಾಠಶಾಲೆಗಳಲ್ಲಿ ಪಾಣಿನೀಯವನ್ನು ಓದಿ ಬಂದವನು ಕೇಶಿರಾಜನ ಶಬ್ದಮಣಿದರ್ಪಣವನ್ನು ತೆರೆದರೆ ಸಂಧಿ, ಸಮಾಸ, ಕಾರಕ ಎಂಬ ಹೆಸರುಗಳು ಕಂಡು ಸ್ವಗೃಹಕ್ಕೆ ಬಂದಂತಾಗುತ್ತದೆ. ಱ, ೞಗಳೂ ಶಿಥಿಲದ್ವಿತ್ವವೂ ಎದುರಾದಾಗ ಆ ಮನೆ ಬೇರೆಯವರದೆಂದು ತಿಳಿಯುತ್ತದೆ. ಹೆಸರುಗಳು ಒಂದೇ ಆಗಿರುವುದರಿಂದಲೇ ಭ್ರಮೆ ಹೆಚ್ಚು. ಏನೂ ಓದದವನು ಶಿಥಿಲದ್ವಿತ್ವವನ್ನು ಕಿವಿಯಿಂದ ಬೇಗ ಹಿಡಿದಾನು.

ಇನ್ನು ನಮ್ಮ ನಾಡಿನ ನಿದರ್ಶನಗಳಿಗೆ ಬರೋಣ. ವಯೊಲಿನ್ ವಾದ್ಯವನ್ನು ಕರ್ಣಾಟಕಸಂಗೀತಕ್ಕೆ ತಂದವರಲ್ಲಿ ಅಗ್ರಗಣ್ಯರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (೧೭೮೬–೧೮೫೮). ವೀಣೆಯನ್ನು ಬಲ್ಲ ಈ ವಿದ್ವಾಂಸರು ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಯೂರೋಪಿಯನ್ ವಾದಕನೊಬ್ಬನ ಬಳಿ ಶಿಷ್ಯರಾಗಿ ಕುಳಿತು ಅದನ್ನು ಕಲಿತರು. ಆಮೇಲೆ ನಮ್ಮವರು ವಾದ್ಯದ ಆಕಾರವನ್ನು ಮುಟ್ಟಲಿಲ್ಲ. ನಿಂತು ಗದ್ದದಡಿಯಲ್ಲಿಡುವುದನ್ನು ಬಿಟ್ಟು ನೆಲದಲ್ಲಿ ಕುಳಿತು ತಲೆಭಾಗವನ್ನು ಪಾದದ ಮೇಲಿಟ್ಟರು. ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಪಂಚಮಗಳಿಗೆ ಇಳಿಸಿದರು. ವಾದ್ಯವು ಸ್ಥಿರವಾಗಿ ನಿಂತುದರಿಂದ ಎಡಗೈ ಅದನ್ನು ಹೊರುವ ಕೆಲಸದಿಂದ ಬಿಡುಗಡೆ ಹೊಂದಿ ಜಾರುಗಮಕಗಳಿಗೆ ಒದಗಿತು. ಒಂದು ಆಸನದ ಬದಲಾವಣೆಯಿಂದ ಒಂದು ವಾದ್ಯವು ದೇಶಾಂತರ ಹೊಂದಿತು.

ಮೈಸೂರಿನ ಆಸ್ಥಾನವು ಈ ಬಗೆಯ ಪ್ರಯೋಗಗಳಿಗೆ ಬಹಳ ಅನುಕೂಲವಾದ ಸ್ಥಳವಾಗಿತ್ತು. ವೀಣೆ ಶೇಷಣ್ಣನವರು (೧೮೫೨–೧೯೨೬) ವೀಣೆಯಲ್ಲಿ ಅದ್ವಿತೀಯರಾಗಿದ್ದೂ ವಯೊಲಿನ್, ಸ್ವರಬತ್, ಜಲತರಂಗ, ಪಿಯಾನೋ ಮುಂತಾದುವನ್ನು ಕೈಗತ ಮಾಡಿಕೊಂಡಿದ್ದರು. ಪಿಯಾನೋವಿನಲ್ಲಿ ತಂತಿಯನ್ನು ಬೆರಳು ಮುಟ್ಟುವುದೇ ಇಲ್ಲ. ಸ್ವರವನ್ನು ಅಲುಗಿಸಲು ಉಪಾಯವಿಲ್ಲ. ಅಂತಹ ವಾದ್ಯವನ್ನು ಗಮಕವೇ ಪ್ರಾಣವಾದ ಮನೆತನದ ವೈಣಿಕರು ಏಕೆ ಮುಟ್ಟಿದರೆಂದು ಕೇಳಬಹುದು. ಆದರೆ ಅವರು ಪಿಯಾನೋ ವಾದಕರಾಗಲು ಹೋಗಲಿಲ್ಲ, ವೈಣಿಕರಾಗಿಯೇ ಉಳಿದರು. ಅವರ ಪರಂಪರೆಯ ವೆಂಕಟಗಿರಿಯಪ್ಪನವರು (೧೮೮೭–೧೯೫೨) ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ನಗ್ಮಾ ಎಂಬ ವಾದ್ಯರಚನೆಗಳನ್ನು ಮಾಡಿದುದನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಸಿದ್ಧಹಸ್ತರ ಒಂದು ಮಾರ್ಗವಿದು: ಅನ್ಯವಿದ್ಯೆಯ ರುಚಿಯನ್ನು ಕಂಡು ಅದನ್ನು ತನ್ನ ವಾದ್ಯಕ್ಕೆ ಒಯ್ಯುವುದು.

ಪಿಟೀಲು ಚೌಡಯ್ಯನವರದು (೧೮೯೫–೧೯೬೭) ಬೇರೆ ಮಾರ್ಗ. ತಿರುಮಕೂಡಲು ನರಸೀಪುರದ ಕಡೆಯ ಇವರು ಬಿಡಾರಂ ಕೃಷ್ಣಪ್ಪನವರಲ್ಲಿ (೧೮೬೬–೧೯೩೧) ದೀರ್ಘಕಾಲ ಗುರುಕುಲವಾಸ ಮಾಡಿ ನಾಲ್ಕು ತಂತಿಯ ವಯೊಲಿನ್ನಿನಲ್ಲಿ ಪ್ರಸಿದ್ಧರಾದ ಮೇಲೆ ಮತ್ತೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ವಾದ್ಯವನ್ನು ಬಳಕೆಗೆ ತಂದರು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದವು ಮುಟ್ಟಬೇಕೆಂಬುದು ಇದಕ್ಕೆ ಕಾರಣ. ಸಂಪೂರ್ಣ ಸಿದ್ಧಿಯನ್ನು ಪಡೆದ ಕೈಯನ್ನು ಅವರು ತಾವಾಗಿ ಕಷ್ಟಕ್ಕೆ ಒಡ್ಡಿದರು. ಜೋಡಿತಂತಿಗಳನ್ನು ಒಂದೇ ಬೆರಳಿನಿಂದ ಅಪಸ್ವರವಿಲ್ಲದೆ ಒತ್ತುವುದೂ, ಕಮಾನನ್ನು ಎರಡರ ಮೇಲೂ ಸಮನಾಗಿ ಎಳೆಯುವುದೂ ನಾಲ್ಕು ತಂತಿಯವನಿಗೆ ಬೇಡದ ಶ್ರಮ. ಮದರಾಸಿನ ಸಂಗೀತ ವಿದ್ವತ್ ಸಭೆಯು ೧೯೫೭ರಲ್ಲಿ ಇವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಧ್ವನಿವರ್ಧಕವು ಎಲ್ಲೆಡೆಯೂ ಬಂದ ಮೇಲೆ ಏಳು ತಂತಿಯ ವಾದ್ಯವು ಸಾರ್ವತ್ರಿಕವಾಗಲಿಲ್ಲ.

ಮೂರನೆಯ ಮಾರ್ಗಕ್ಕೆ ನಿದರ್ಶನ ನಮ್ಮ ಘಟ್ಟದ ಕೆಳಗಣದು. ಸಂಸೆಯಿಂದ ಕುದುರೆಮುಖದ ದಾರಿಯಾಗಿ ಇಳಿದರೆ ಸಿಕ್ಕುವ ಸೀಮೆಯಲ್ಲಿ, ಬಂಟ್ವಾಳದ ಬಳಿಯ ಸಜಿಪಮೂಡದಲ್ಲಿ, ೧೯೪೯ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಕ್ಕಳು. ತಂದೆಯಿಂದ ನಾಗಸ್ವರವನ್ನೇ ಕಲಿತವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ಧ್ವನಿಯನ್ನು ಕೇಳಿ ಅದರಲ್ಲಿ ಅವರಿಗೆ ಮನಸ್ಸು ನೆಟ್ಟಿತು. ಈ ವಾದ್ಯಕ್ಕೆ ಅಡಾಲ್ಫ್ ಸಾಕ್ಸ್ ಎಂಬವನು ಪ್ಯಾರಿಸ್ಸಿನಲ್ಲಿ ಹಕ್ಕುಪತ್ರವನ್ನು ಪಡೆದುದು ೧೮೪೬ರಲ್ಲಿ. ನಾಗಸ್ವರವೂ ಇದೂ ಸುಷಿರವಾದ್ಯಗಳೇ. ಭೇದವೆಲ್ಲಿದೆಯೆಂದರೆ, ನಾಗಸ್ವರದ ಸೀವಾಳಿಯಲ್ಲಿ ಜೋಡಿ ನಾಲಗೆ, ಸ್ಯಾಕ್ಸೊಫೋನಿನಲ್ಲಿ ಒಂಟಿ ನಾಲಗೆ. ನಾಗಸ್ವರದ ರಂಧ್ರಗಳನ್ನು ಬೆರಳ ಮಾಂಸವೇ ಮುಚ್ಚುತ್ತದೆ. ಅರೆ ತೆರೆದು, ಕಾಲು ತೆರೆದು ಶ್ರುತಿಯನ್ನು ಒಲೆದಾಡಿಸಬಹುದು. ಸ್ಯಾಕ್ಸೊಫೋನಿನಲ್ಲಿ ರಂಧ್ರವನ್ನು ಮುಚ್ಚುವುದು ಸನ್ನೆಯಿಂದ ನಡೆಯುವ ಲೋಹದ ಮುಚ್ಚಳ. ಅದು ತೆರೆದಿರುತ್ತದೆ, ಇಲ್ಲವೆ ಮುಚ್ಚಿರುತ್ತದೆ. ನಡುವಣ ಅವಸ್ಥೆಯನ್ನು ಬೆರಳು ಆಳಲಾರದು. ಆದಕಾರಣ ನಾಗಸ್ವರದಲ್ಲಿ ಬೆರಳೂ ತುಟಿಯೂ ಹಂಚಿಕೊಂಡಿದ್ದ ಗಮಕದ ಹೊಣೆಯು ಇಲ್ಲಿ ತುಟಿ ಮತ್ತು ಉಸಿರುಗಳ ಮೇಲೆ ಬೀಳುತ್ತದೆ. ಫ್ಲಮೆಂಕೊ ಹಿಡಿದ ಶಾಸ್ತ್ರೀಯ ವಾದಕನ ಬಲಗೈಗೆ ಏನಾಯಿತೋ ಅದೇ ಗೋಪಾಲನಾಥರ ಬೆರಳುಗಳಿಗೆ ಆಯಿತು. ವಿದ್ಯೆಯು ಅವುಗಳನ್ನು ಬಿಟ್ಟು ಬೇರೊಂದು ಅಂಗದಲ್ಲಿ ನೆಲೆಸಬೇಕಾಯಿತು.

ಇದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತೆಂದು ಪ್ರಸಿದ್ಧಿ. ಈ ಅವಧಿಯನ್ನು ಗಮನಿಸಬೇಕು. ಹುಟ್ಟಿನಿಂದ ಸುಷಿರವಾದ್ಯದ ಮನೆಯಲ್ಲಿ ಬೆಳೆದವರಿಗೆ, ರಾಗತಾಳಗಳಲ್ಲಿ ಸಿದ್ಧರಾದವರಿಗೆ ಇಷ್ಟು ಕಾಲ ಬೇಕಾದರೆ, ಒಂದು ವಾದ್ಯ ಬಂದರೆ ಮಿಕ್ಕುವೆಲ್ಲ ಬಂದಂತೆಯೇ ಎಂದು ಲೋಕದಲ್ಲಿ ಆಡುವ ಮಾತು ನಿಲ್ಲುವುದಿಲ್ಲ. ಎರಡನೆಯ ಅಂಶ, ಅವರು ಮತ್ತೆ ಶಿಷ್ಯರಾದುದು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಪಾಠವಾಯಿತು. ಸ್ಯಾಕ್ಸೊಫೋನಿನಲ್ಲಿ ಕರ್ಣಾಟಕಸಂಗೀತವನ್ನು ನುಡಿಸುವ ಗುರುವು ಆಗ ಲೋಕದಲ್ಲಿರಲಿಲ್ಲ. ಆದುದರಿಂದ ಬಾಯಿಹಾಡಿನಿಂದ ಬಂದ ಪಾಠವನ್ನು ವಾದ್ಯಕ್ಕೆ ತಾವೇ ತಿರುಗಿಸಿಕೊಳ್ಳಬೇಕಾಗಿತ್ತು. ೧೯೮೦ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದುದು, ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದ ಪ್ರಾಮ್ಸ್ ಉತ್ಸವ, ೨೦೦೪ರ ಪದ್ಮಶ್ರೀ, ಇವು ಸರ್ವವಿದಿತ. ಅವರು ೨೦೧೯ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ದಿವಂಗತರಾದರು.

ಈ ವೃತ್ತಾಂತಕ್ಕೆ ಸಮುದ್ರದಾಚೆ ಒಂದು ಉತ್ತರಭಾಗವಿದೆ; ಒಂದೇ ವಾದ್ಯದ ಎರಡು ಸಂಪ್ರದಾಯಗಳೆಂಬ ನಮ್ಮ ಮೊದಲ ಪ್ರಶ್ನೆಗೆ ಅತ್ಯಂತ ಸಮೀಪವಾದುದು ಅದೇ. ೧೯೭೧ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ಸಂಸ್ಥಾನದ ಬೌಲ್ಡರಿನಲ್ಲಿ ಬೆಳೆದ ರುದ್ರೇಶ ಮಹಾಂತಪ್ಪನವರು ಜಾಝ್ ಪದ್ಧತಿಯ ಸ್ಯಾಕ್ಸೊಫೋನ್ ವಾದಕರು. ಅವರ ಹೆಸರೇ ಮನೆತನದ ನಾಡನ್ನು ಹೇಳುತ್ತದೆ. ಅವರು ಬಾಸ್ಟನ್ನಿನ ಬರ್ಕ್ಲೀ ವಿದ್ಯಾಲಯದಲ್ಲಿದ್ದಾಗ ಅಣ್ಣನು ಗೋಪಾಲನಾಥರ ಒಂದು ಧ್ವನಿಮುದ್ರಿಕೆಯನ್ನು ತಮಾಷೆಗಾಗಿ ಕೊಟ್ಟನಂತೆ. ತಮಾಷೆಯು ಹಾಗೆಯೇ ಉಳಿಯಲಿಲ್ಲ. ೨೦೦೭ರಲ್ಲಿ ಅವರಿಗೆ ಗುಗೆನ್‌ಹೈಮ್ ವೇತನ ಲಭಿಸಿತು. ದಕ್ಷಿಣಭಾರತದ ಸಂಗೀತದ ವ್ಯಾಸಂಗವೂ ನಡೆಯಿತು. ೨೦೦೮ರಲ್ಲಿ ಇಬ್ಬರ ಸ್ಯಾಕ್ಸೊಫೋನುಗಳೂ ಕೂಡಿದ, ಬಂಧುಗಳು ಎಂಬರ್ಥದ ಹೆಸರಿನ ಕಿನ್ಸ್‌ಮೆನ್ ಎಂಬ ಮುದ್ರಿಕೆ ಹೊರಬಂದಿತು. ಅದರಲ್ಲಿ ಎ. ಕನ್ಯಾಕುಮಾರಿಯವರ ವಯೊಲಿನ್ನೂ ಮೃದಂಗವೂ ಗಿಟಾರೂ ಇವೆ. ಇಬ್ಬರ ಕೈಯಲ್ಲಿಯೂ ಇರುವುದು ಒಂದೇ ಲೋಹದ ವಾದ್ಯ. ಆದರೂ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯನ್ನು ಕೇಳಿದೊಡನೆ ಯಾರು ನುಡಿಸುತ್ತಿದ್ದಾರೆಂದು ಹೇಳಬಹುದು. ಒಬ್ಬರು ಇನ್ನೊಬ್ಬರಾಗಲು ಯತ್ನಿಸಲಿಲ್ಲ. ಆ ಮುದ್ರಿಕೆಯ ಬೆಲೆ ಇರುವುದು ಅಲ್ಲಿಯೇ ಎಂದು ನನ್ನ ಮತ.

ಆಂಗ್ಲ ಗಿಟಾರ್ ವಾದಕ ಜಾನ್ ಮೆಕ್ಲಾಕ್ಲಿನ್ನನ ವಿಷಯವೂ ಇದಕ್ಕೆ ಸೇರತಕ್ಕದ್ದು. ಅವನು ಅಮೆರಿಕದಲ್ಲಿ ಡಾ. ಎಸ್. ರಾಮನಾಥನ್ ಅವರಿಂದ ವೀಣೆಯ ಪಾಠವನ್ನು ಹೇಳಿಸಿಕೊಂಡನು. ತಂತಿಯನ್ನು ಒತ್ತಿ ಎಳೆಯಲು ಅನುಕೂಲವಾಗುವಂತೆ ಮೆಟ್ಟಿಲುಗಳ ನಡುವಣ ಮರವನ್ನು ತೋಡಿಸಿದ ಗಿಟಾರನ್ನು ಮಾಡಿಸಿಕೊಂಡು ಶಕ್ತಿ ಎಂಬ ಮೇಳದಲ್ಲಿ ನುಡಿಸಿದನು. ಬಳಿಕ ಫ್ಲಮೆಂಕೊ ಧುರಂಧರ ಪಾಕೊ ದೆ ಲೂಸಿಯಾ (೧೯೪೭–೨೦೧೪), ಅಲ್ ದಿ ಮಿಯೋಲಾ ಎಂಬವರೊಡನೆ ೧೯೮೦ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋವಿನಲ್ಲಿ ನುಡಿಸಿದುದು ಲೋಕಪ್ರಸಿದ್ಧವಾಯಿತು. ಅಲ್ಲಿ ಪಾಕೊ ಬರಿಬೆರಳುಗಳಿಂದ ನುಡಿಸಿದರೆ ಮಿಕ್ಕಿಬ್ಬರು ಮೀಟುಗಡ್ಡಿಯನ್ನು ಬಿಡಲಿಲ್ಲ. ವೀಣೆಗಾಗಿ ವಾದ್ಯದ ಮರವನ್ನೇ ತೋಡಿಸಿದವನು ಫ್ಲಮೆಂಕೊಗಾಗಿ ಬಲಗೈಯನ್ನು ಬದಲಿಸಲಿಲ್ಲವೆಂಬುದು ಶಾರ್ಙ್ಗದೇವನ ಗಣನೆಗೆ ಒಳ್ಳೆಯ ಉದಾಹರಣೆ.

ಉಳಿದುದು ನಷ್ಟದ ಲೆಕ್ಕ. ವಿದೇಶೀಯ ವಾದ್ಯದಿಂದ ಸಂಗೀತವು ಕೆಟ್ಟಿತೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವಯೊಲಿನ್ನಿಲ್ಲದ ಕಚೇರಿಯನ್ನು ಅವರೇ ಕೇಳಲಾರರು. ಆದರೆ ಗೋಪಾಲನಾಥರ ಸಿದ್ಧಿಯ ಅನಂತರ ಕರಾವಳಿಯಲ್ಲಿಯೂ, ಘಟ್ಟದ ಮೇಲೆ ನಮ್ಮ ಸಂಸೆ, ಕಳಸಗಳ ಸುತ್ತಿನಲ್ಲಿಯೂ ಮದುವೆ ಉತ್ಸವಗಳಿಗೆ ವಾಲಗವೆಂದರೆ ಸ್ಯಾಕ್ಸೊಫೋನ್ ಎಂಬಂತಾಗಿದೆ. ಮೂಲಪುರುಷರು ನಾಗಸ್ವರದ ಗಮಕವನ್ನು ಕಿವಿಯಲ್ಲಿಟ್ಟುಕೊಂಡು ಹೊಸ ವಾದ್ಯಕ್ಕೆ ಹೋದರು. ಆ ಗಮಕವನ್ನು ಅವರ ತುಟಿ ಹುಡುಕಿ ತಂದಿತು. ಈಗ ಕಲಿಯುವ ಹುಡುಗರಲ್ಲಿ ಅನೇಕರು ನೇರವಾಗಿ ಸ್ಯಾಕ್ಸೊಫೋನಿನಿಂದಲೇ ಆರಂಭಿಸುತ್ತಾರೆ. ಅರೆ ತೆರೆದ ರಂಧ್ರದ ಅನುಭವವು ಅವರ ಬೆರಳಿಗೆ ಆಗಿಲ್ಲದಿರುವುದರಿಂದ, ತುಟಿಯು ಏನನ್ನು ಹುಡುಕಬೇಕೆಂಬುದನ್ನು ಅವರಿಗೆ ಬೇರೆ ಯಾರಾದರೂ ಹಾಡಿ ತೋರಿಸಬೇಕು. ಗೋಪಾಲನಾಥರಿಗೆ ಇಬ್ಬರು ಗುರುಗಳು ಹಾಡಿಯೇ ಹೇಳಿಕೊಟ್ಟರೆಂಬುದನ್ನು ಇಲ್ಲಿ ನೆನೆಯಬೇಕು. ಸೀವಾಳಿಯನ್ನು ಹದಮಾಡಬಲ್ಲವರು ನಮ್ಮ ಸೀಮೆಯಲ್ಲಿ ಇನ್ನೂ ಇರುವಾಗಲೇ ಅವರ ತುಟಿ ಬೆರಳುಗಳ ವ್ಯಾಪಾರಗಳನ್ನು, ರತ್ನಾಕರವು ವೈಣಿಕನ ಕೈಗಳಿಗೆ ಮಾಡಿದಂತೆ, ಒಂದೊಂದಾಗಿ ಹೆಸರಿಟ್ಟು ಬರೆದಿಡುವ ಕೆಲಸವನ್ನು ಸಂಗೀತಜ್ಞರೂ ಭಾಷಾಜ್ಞರೂ ಕೂಡಿ ಮಾಡಬೇಕಾಗಿದೆ. ೧೬೦೯ರ ರಾಗವಿಬೋಧದಲ್ಲಿ ಸೋಮನಾಥನು ವೀಣೆಯ ಮೀಟು ಗಮಕಗಳಿಗೆ ಸಂಜ್ಞೆಗಳನ್ನು ಕಲ್ಪಿಸಿ ರಾಗಗಳನ್ನು ಬರೆದು ತೋರಿಸಿದ್ದಾನೆ. ನಾಗಸ್ವರಕ್ಕೆ ಬೇಕಾಗುವ ಸಂಜ್ಞೆಗಳಲ್ಲಿ ಕೆಲವು ಅಲ್ಲಿಯೇ ದೊರೆತಾವು.